ಪ್ಯಾಂಟಿನ ಜೇಬಿನಲ್ಲಿ ಕುಂಬಳದ ಕುಡಿ

ಸರೋವರದ ದಡದ ನಮ್ಮೂರು ಕರೀಬಾದ ಬಬೂನ್ ಕೋತಿಗಳು ಹೆಂಗಸರಿಗೆ ಹೆದರುವುದಿಲ್ಲ. ಆನೆ ಬಂದರೆ ದಾರಿ ಬಿಡುತ್ತವೆ, ನಾಯಿ ಬೊಗಳಿದರೆ ಒಂದು ಕೊಂಬೆ ಮೇಲೆ ಹತ್ತುತ್ತವೆ, ಗಂಡಸು ಹಿತ್ತಿಲಿಗೆ ಬಂದು ಬರೀ ಕೆಮ್ಮಿದರೂ ಅಂಜೂರದ ಮರದ ತುದಿ ಸೇರುತ್ತವೆ. ನಾನು ಕಲ್ಲು ಹಿಡಿದು ಗಂಟಲು ಹರಿದುಕೊಂಡು ಓಡಿ ಬಂದರೆ ಮಾತ್ರ ತಿನ್ನುವುದನ್ನು ಅರೆಗಳಿಗೆ ನಿಲ್ಲಿಸಿ ನನ್ನನ್ನು ನೋಡುತ್ತವೆ. 'ಪಾಪ, ಇವಳದ್ದು ದಿನಾ ಇದೇ' ಎಂಬಂಥ ನೋಟ. ಆಮೇಲೆ ಮತ್ತೆ ತಿನ್ನುತ್ತವೆ.

ಆ ಗುಂಪಿನ ಯಜಮಾನನಿಗೆ ನಾನು ಹೆಡ್ಮಾಸ್ತರ ಎಂದು ಹೆಸರಿಟ್ಟಿದ್ದೆ. ಭುಜದ ಮೇಲೆ ಬೂದು ಕೂದಲು, ಉದ್ದ ಮೂತಿ, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟು ಗೋಡೆಯ ಮೇಲೆ ಕೂರುವ ಗತ್ತು. ಟೊಮೇಟೊ ಕಿತ್ತು ಮೂಸುತ್ತಿದ್ದ. ಕಾಯಾಗಿದ್ದರೆ ನಾಪಾಸು ಮಾಡಿದವನಂತೆ ನನ್ನ ಕಡೆ ಎಸೆಯುತ್ತಿದ್ದ. ಹಣ್ಣಾಗಿದ್ದರೆ ಬಾಯಿಗೆ.

ಬೇರೆ ವರ್ಷವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಈ ಸಲ ವತೆತೆ ಬರುವವರಿದ್ದರು.

ವತೆತೆ ಎಂದರೆ ನನ್ನ ಗಂಡನ ಅಕ್ಕ. ನಮ್ಮಲ್ಲಿ ಅತ್ತೆಯ ಮಾತನ್ನಾದರೂ ಮೀರಬಹುದು, ವತೆತೆಯ ಮಾತನ್ನು ಮೀರುವಂತಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ, ಮದುವೆಯ ಮರುದಿನ, ಹೊಸ ಸೊಸೆಯ ಪದ್ಧತಿಯಂತೆ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಗಂಡನ ಕಡೆಯವರಿಗೆಲ್ಲ ಮುದ್ದೆ ತಿರುವಿ, ಕಡಲೆಕಾಯಿ ಅರೆದು ಹಾಕಿ ಕುಂಬಳದ ಸೊಪ್ಪು ಮಾಡಿದ್ದೆ. ನಾನು ಪೇಟೆಯ ಹುಡುಗಿ. ಸೊಪ್ಪನ್ನು ಹಿಂದಿನ ದಿನ ಬಸ್ಸಿಳಿದಲ್ಲೇ ಕೊಂಡು ತಂದಿದ್ದೆ. ವತೆತೆ ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಇಪ್ಪತ್ತು ಜನರ ಮುಂದೆ ಕೇಳಿದರು:

"ಯಾರ ಹತ್ರ ಕೊಂಡೆ?"

ಅಷ್ಟೇ. ಅಂದಿನಿಂದ ನಾನು 'ಕೊಂಡ ಸೊಪ್ಪಿನವಳು'. ಫೋನು ಮಾಡಿದರೆ ತಮ್ಮನನ್ನು ಕೇಳುವುದು, "ಕೊಂಡ ಸೊಪ್ಪಿನವಳು ಹೇಗಿದ್ದಾಳೆ?" ಮಗಳು ಹುಟ್ಟಿದಾಗ ನೋಡಲು ಬಂದ ಊರಿನವರ ಕೈಯಲ್ಲಿ ಕಳಿಸಿದ್ದು ಒಂದು ಕಟ್ಟು ಸೊಪ್ಪು, ಜೊತೆಗೆ ಒಂದು ಮಾತು: "ಇದು ಬೆಳೆದಿದ್ದು. ವ್ಯತ್ಯಾಸ ಗೊತ್ತಾಗ್ಲಿ." ನನ್ನ ಮಗಳು ಈಗ ಟೀಚರಾಗಿದ್ದಾಳೆ. ನನ್ನ ತಲೆಯಲ್ಲಿ ನರೆಗೂದಲು ಬಂದಿದೆ. ಆ ಹೆಸರು ಮಾತ್ರ ಹಾಗೇ ಇದೆ. ಕೆಲವು ಮಾತುಗಳು ಹೀಗೆ. ಹೇಳಿದವರು ಬೀಜ ಎಸೆದು ಹೋಗಿರುತ್ತಾರೆ, ಕೇಳಿದವಳು ಅದಕ್ಕೆ ದಿನಾ ನೀರು ಹಾಕಿ ಬೆಳೆಸುತ್ತಿರುತ್ತಾಳೆ.

ಈಗ ವತೆತೆಯ ಕಣ್ಣು ಮಂಜಾಗಿತ್ತು. ನಮ್ಮೂರ ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುತ್ತಾರೆಂದು ತಿಳಿದು, ತಿಂಗಳ ಕೊನೆಯ ಶನಿವಾರ ಬರುತ್ತೇನೆಂದು ಹೇಳಿಕಳಿಸಿದರು. ನನ್ನ ಮನೆಗೆ ಅವರು ಬರುವುದು ಇದೇ ಮೊದಲು. ಅವರ ತಟ್ಟೆಯಲ್ಲಿ ನಾನೇ ಬೆಳೆದ ಕುಂಬಳದ ಸೊಪ್ಪಿರಬೇಕು. ಆ ತಿಂಗಳು ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಹಿತ್ತಿಲಲ್ಲಿ ಆರು ಕುಂಬಳದ ಬಳ್ಳಿ, ಎರಡು ಸಾಲು ಟೊಮೇಟೊ, ಒಂದಿಷ್ಟು ಈರುಳ್ಳಿ. ಸ್ನಾನದ ನೀರು, ಪಾತ್ರೆ ತೊಳೆದ ನೀರು, ಎಲ್ಲ ಅದಕ್ಕೇ. ವತೆತೆ ಹೇಳಿಕಳಿಸಿದ ದಿನವೇ ಎರಡು ಬಳ್ಳಿ ಹೋದವು.

ಗಂಡನಿಗೆ ಹೇಳಿದೆ. ಅವರು ಸರೋವರದಲ್ಲಿ ರಾತ್ರಿ ದೀಪ ಹಚ್ಚಿ ಕಪೆಂಟಾ ಎಂಬ ಸಣ್ಣ ಮೀನು ಹಿಡಿಯುವ ದೋಣಿಯಲ್ಲಿ ಕೆಲಸ ಮಾಡುತ್ತಾರೆ. ಸಂಜೆ ಹೋದರೆ ಬರುವುದು ಬೆಳಿಗ್ಗೆ ಎಂಟಕ್ಕೆ, ಬಂದವರೇ ಮಲಗುತ್ತಾರೆ.

"ನಿಮ್ಮ ನೆಂಟರು ಇವತ್ತು ಎರಡು ಬಳ್ಳಿ ಮುಗಿಸಿದ್ರು."

"ನೆಂಟರು ಅಂದ್ಮೇಲೆ ಮರ್ಯಾದೆಯಾಗಿ ಮಾತಾಡು, ಚಿಹೇರಾ. ಹಸಿವಾಗಿತ್ತೇನೋ."

"ಎದ್ದು ಬಂದು ಒಂದು ಕಲ್ಲಾದ್ರೂ ಬೀಸಿ."

"ಕಲ್ಲಾ? ನಮ್ಮಜ್ಜನಿಗಾ?" ಎಂದು ಹೊದಿಕೆ ಎಳೆದುಕೊಂಡರು. "ನಿಮ್ಮಜ್ಜಿ ಹುಲ್ಲೆ ಬಂದ್ರೆ ಹೇಳು, ಎದ್ದು ಬರ್ತೀನಿ."

ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಂದು ಪ್ರಾಣಿಯ ಬೆಡಗು ಇರುತ್ತದೆ. ಅವರದು ಕೋತಿಯ ಬೆಡಗು, ಅದಕ್ಕೇ ಊರೆಲ್ಲ ಅವರನ್ನು ಗೌರವದಿಂದ ಮುಕಾನ್ಯಾ ಎನ್ನುತ್ತದೆ. ನನ್ನದು ದೊಡ್ಡ ಹುಲ್ಲೆಯ ಬೆಡಗು, ಹಾಗಾಗಿ ನಾನು ಚಿಹೇರಾ. ಬೆಡಗಿನ ಪ್ರಾಣಿಯನ್ನು ತಿನ್ನಬಾರದು ಎಂಬುದು ಹಿರಿಯರು ಮಾಡಿದ ಕಟ್ಟಳೆ. ಕಲ್ಲು ಬೀಸಬಾರದು ಎಂಬುದನ್ನು ನನ್ನ ಗಂಡ ಹಗಲುನಿದ್ದೆ ಕಾಪಾಡಿಕೊಳ್ಳಲು ಸೇರಿಸಿಕೊಂಡದ್ದು.

ಇದಕ್ಕಿಂತ ಹೊಟ್ಟೆ ಉರಿಸುತ್ತಿದ್ದುದು ಹುಣ್ಣಿಮೆಯ ದಿನಗಳು. ಬೆಳದಿಂಗಳಿದ್ದರೆ ಮೀನು ದೀಪಕ್ಕೆ ಬರುವುದಿಲ್ಲ, ಹಾಗಾಗಿ ಅಷ್ಟೂ ದಿನ ಅವರಿಗೆ ರಜೆ. ಬೆಳಿಗ್ಗೆ ಚಹಾ ಹಿಡಿದು ಹಿತ್ತಿಲಿಗೆ ಬಂದು ನಿಲ್ಲುತ್ತಾರೆ. ಕೋತಿಗಳು ಮರದ ಮೇಲೆ, ಹೆಣ್ಣು ನೋಡಲು ಬಂದವರ ಹಾಗೆ, ಕೈಕಟ್ಟಿ ಕೂತಿರುತ್ತವೆ. ಒಂದು ಎಲೆ ಮುಟ್ಟುವುದಿಲ್ಲ.

"ನೋಡು, ಎಷ್ಟು ಗಂಭೀರವಾಗಿ ಕೂತಿದ್ದಾರೆ. ನೀನು ಸುಮ್ನೆ ನಮ್ಮೋರ ಮೇಲೆ ಚಾಡಿ ಹೇಳ್ತೀಯ" ಎನ್ನುತ್ತಾರೆ ಗಂಡ.

ಪಕ್ಕದ ಮನೆಯ ಮಾಯಿ ಮುಚನೆತಾ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ನಮ್ಮಲ್ಲಿ ಹೆಂಗಸನ್ನು ಮಗುವಿನ ಹೆಸರು ಸೇರಿಸಿ ಮಾಯಿ, ಅಂದರೆ ಅಮ್ಮ, ಎಂದು ಕರೆಯುತ್ತಾರೆ; ನನ್ನ ಮಗಳು ಚೆನೆಸಾಯಿ. ಒಂದು ದಿನ ಕರೆದು ಹೇಳಿದಳು: "ಮಾಯಿ ಚೆನೆಸಾಯಿ, ಕಲ್ಲು ಬಿಡು. ಗಂಡನ ಪ್ಯಾಂಟ್ ಹಾಕ್ಕೊ. ನಮ್ಮ ಚಿಕ್ಕಮ್ಮ ಹಾಗೇ ಮಾಡಿ ಒಂದಿಡೀ ಜೋಳದ ಹೊಲ ಉಳಿಸ್ಕೊಂಡ್ಳು."

"ಪ್ಯಾಂಟಾ? ಈ ವಯಸ್ಸಲ್ಲಾ?"

"ನಿನ್ನ ವಯಸ್ಸು ಕೋತಿ ಕೇಳುತ್ತಾ?"

ಮರುದಿನ ಬೆಳಿಗ್ಗೆ ಗಂಡನ ಹಳೆಯ ನೀಲಿ ಪ್ಯಾಂಟು, ಉದ್ದ ತೋಳಿನ ಅಂಗಿ, ರಬ್ಬರ್ ಬೂಟು, ಟೋಪಿ, ಎಲ್ಲ ಹಾಕಿಕೊಂಡೆ. ಕನ್ನಡಿಯಲ್ಲಿ ಒಬ್ಬ ಸಣ್ಣ, ಗಾಬರಿಬಿದ್ದ ಗಂಡಸು ಕಂಡ. ಪರವಾಗಿಲ್ಲ ಎನಿಸಿತು. ಕೋಲು ಹಿಡಿದು ಹಿಂಬಾಗಿಲು ತೆರೆದು ಧೈರ್ಯವಾಗಿ ಹೊರಗೆ ಹೋದೆ.

ಹೆಡ್ಮಾಸ್ತರ ಟೋಪಿ ನೋಡಿದ. ಅಂಗಿ ನೋಡಿದ. ಒಂದು ಕ್ಷಣ ಎದ್ದು ನಿಂತ. ಆಮೇಲೆ ಕೆಳಗೆ ನೋಡಿ, ನೆಮ್ಮದಿಯಾಗಿ ಮತ್ತೆ ಕೂತು ನನ್ನ ಈರುಳ್ಳಿಯೊಂದನ್ನು ಬುಡಸಮೇತ ಕಿತ್ತ.

ಮಾಯಿ ಮುಚನೆತಾ ಬೇಲಿ ಹಿಡಿದು ನಗುತ್ತಿದ್ದಳು. "ಅಯ್ಯೋ ನನ್ನಮ್ಮಾ! ಗಂಡಸಾಗೋಕೆ ಹೊರಟು ಸೊಸೆಯಾಗೇ ಬಂದ್ಯಲ್ಲೇ! ಸೊಂಟ ನೋಡ್ಕೊ!"

ನೋಡಿಕೊಂಡೆ. ಪ್ಯಾಂಟಿನ ಮೇಲೆ ನನ್ನ ಹಳದಿ ಹೂವಿನ ಸುತ್ತುಬಟ್ಟೆ, ಬಿಗಿಯಾಗಿ ಗಂಟು ಹಾಕಿಕೊಂಡು, ಜಾಗದಲ್ಲೇ ಇತ್ತು. ಬಾಗಿಲ ಹಿಂದಿನ ಮೊಳೆಯಿಂದ ಅದನ್ನು ಯಾವಾಗ ತೆಗೆದೆ, ಯಾವಾಗ ಸುತ್ತಿಕೊಂಡೆ, ದೇವರಾಣೆಗೂ ಗೊತ್ತಿಲ್ಲ. ಮನೆಗೆ ಬಂದ ಸೊಸೆ ಸುತ್ತುಬಟ್ಟೆಯಿಲ್ಲದೆ ಹೊಸ್ತಿಲು ದಾಟಬಾರದು ಎಂದು ಮದುವೆಯ ದಿನ ಹೇಳಿಕೊಟ್ಟಿದ್ದರು. ನಾನು ಮರೆತರೂ ಕೈ ಮರೆತಿರಲಿಲ್ಲ.

ಎರಡನೆಯ ದಿನ ಸುತ್ತುಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋದೆ. ಮೈಮೇಲೆ ಅಷ್ಟು ಬಟ್ಟೆಯಿದ್ದರೂ ಬರಿಮೈಯಲ್ಲಿ ನಿಂತಂತೆ ಅನ್ನಿಸುತ್ತಿತ್ತು. ಕೋಲು ಬೀಸುತ್ತ ಓಡಿದೆ. ಕೋತಿಗಳು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಒಂದರ ಮುಖ ಒಂದು ನೋಡಿಕೊಂಡು ಮತ್ತೆ ಬಂದವು.

"ನೀನು ಓಡ್ತೀಯ" ಎಂದಳು ಮಾಯಿ ಮುಚನೆತಾ. "ಯಾವ ಗಂಡಸು ಹಿತ್ತಿಲಲ್ಲಿ ಓಡ್ತಾನೆ? ನಿನ್ನ ಗಂಡ ಇಲ್ಲಿ ಬಂದು ಏನ್ ಮಾಡ್ತಾರೆ, ನೆನಪು ಮಾಡ್ಕೊ."

ನೆನಪು ಮಾಡಿಕೊಂಡೆ. "ಏನೂ ಮಾಡಲ್ಲ."

"ಹಾಂ. ಅದನ್ನೇ ಮಾಡು."

ಸುಲಭದ ಕೆಲಸವಲ್ಲ. ಮೂರನೆಯ ಬೆಳಿಗ್ಗೆ ತೋಟದ ನಡುವೆ ಹೋಗಿ ನಿಂತೆ. ನಿಂತ ಕೂಡಲೇ ಕಾಲ ಬಳಿ ಕಳೆ ಕಂಡಿತು, ಬಗ್ಗಿದೆ. ಬಗ್ಗಿದ್ದೇ ಹೆಡ್ಮಾಸ್ತರ ಗೋಡೆಯಿಂದ ಒಂದು ಕಾಲು ಇಳಿಬಿಟ್ಟ. ಎದ್ದು ನಿಂತೆ. ಕಾಲು ಮೇಲೆಳೆದುಕೊಂಡ. ಒಣಗಿದ ಎಲೆಯತ್ತ ಕೈ ಹೋಯಿತು, ಅವನು ಮತ್ತೆ ಕಾಲು ಬಿಟ್ಟ. ಈ ಕೈಗಳನ್ನು ಏನು ಮಾಡುವುದು? ಇಷ್ಟು ವರ್ಷ ಅವು ಒಂದು ಗಳಿಗೆಯೂ ಖಾಲಿ ಇದ್ದದ್ದಿಲ್ಲ. ಆಗ ಜೇಬು ಸಿಕ್ಕಿತು. ಈ ಪ್ಯಾಂಟನ್ನು ನೂರಾರು ಸಲ ತೊಳೆದಿದ್ದೇನೆ, ಜೇಬಿನಿಂದ ಮೊಳೆ, ಸಿಗರೇಟು, ಮೀನಿನ ಪೊರೆ ತೆಗೆದಿದ್ದೇನೆ, ಆದರೆ ಅದು ಕೈ ಇಡುವ ಜಾಗ ಎಂದು ಹೊಳೆದಿರಲಿಲ್ಲ. ಎರಡೂ ಕೈ ಒಳಗೆ ಹೋದವು. ಭುಜ ತಾನಾಗಿಯೇ ಕೆಳಗಿಳಿಯಿತು. ಹೊಟ್ಟೆ ತಾನಾಗಿಯೇ ಮುಂದೆ ಬಂತು. ಎದುರಿನ ಬೆಟ್ಟದ ಕಡೆ, ಅಲ್ಲಿ ನೋಡುವಂಥದ್ದೇನೂ ಇಲ್ಲದಿದ್ದರೂ, ನನ್ನದೇ ಬೆಟ್ಟ ಎಂಬಂತೆ ನೋಡುತ್ತ ಒಮ್ಮೆ ಕೆಮ್ಮಿದೆ.

ಹೆಡ್ಮಾಸ್ತರ ಹಾರಿ ಮರ ಹತ್ತಿದ. ಹಿಂದೆಯೇ ಇಡೀ ಶಾಲೆ.

ಆ ವಾರ ನನಗೆ ಸ್ವಲ್ಪ ಮದ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ನಿಂತು ಬರುತ್ತಿದ್ದೆ. ಮೊದಮೊದಲು ತೋಟಕ್ಕಾಗಿ, ಆಮೇಲೆ ನಿಲ್ಲುವುದಕ್ಕಾಗಿಯೇ. ಏನೂ ಮಾಡದೆ ನಿಂತರೆ ತೋಟ ಎಷ್ಟು ಚೆನ್ನಾಗಿ ಕಾಣುತ್ತದೆ! ಎದುರು ಮನೆಯ ಗ್ವಾತಿಡ್ಜೊ ಅಜ್ಜ ಒಂದು ದಿನ ಆ ಕಡೆಯಿಂದ ಕೈತಟ್ಟಿ ನಮಸ್ಕಾರ ಹೇಳಿದರು. "ಮುಕಾನ್ಯಾ! ಇಷ್ಟು ಬೇಗ ಎದ್ದಿದ್ದೀರಿ! ಹೆಂಡ್ತಿ ಇನ್ನೂ ಮಲಗಿದ್ದಾಳಾ?"

ಕೆಮ್ಮಿದೆ.

"ಹೂಂ, ಮಲಗ್ಲಿ ಬಿಡಿ. ಈಗಿನ ಹೆಂಗಸರೇ ಹಾಗೆ" ಎಂದು ಸಮಾಧಾನ ಹೇಳಿ ಹೋದರು.

ಬಳ್ಳಿಗಳು ಚೇತರಿಸಿಕೊಂಡವು. ಕುಡಿಗಳು ಬೆರಳುದ್ದ ಚಾಚಿದವು. ಗುರುವಾರ ಬೆಳಿಗ್ಗೆ, ಎಲೆಯ ನಾರು ಸರಿಯಾಗಿ ಬಿಡುತ್ತದೆಯೇ ನೋಡೋಣವೆಂದು ಒಂದು ಹಿಡಿ ಕುಡಿ ಚಿವುಟಿ ಜೇಬಿಗೆ ಹಾಕಿಕೊಂಡು, ಮತ್ತೆ ಬೆಟ್ಟ ನೋಡುತ್ತ ನಿಂತಿದ್ದೆ. ಹಿತ್ತಿಲ ಗೇಟು ಕಿರ್ ಎಂದಿತು.

"ಮುಕಾನ್ಯಾ! ತಮ್ಮಾ!"

ಶನಿವಾರ ಬರಬೇಕಾದ ವತೆತೆ ಎರಡು ದಿನ ಮೊದಲೇ ಬಂದು ನಿಂತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಉಬ್ಬಿದ ಬಟ್ಟೆ ಚೀಲ. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು. ಪದ್ಧತಿಯ ಪ್ರಕಾರ ನಾನು ಮಂಡಿಯೂರಿ, ಅಂಗೈ ಬೊಗಸೆ ಮಾಡಿ ತಟ್ಟಿ ಬರಮಾಡಿಕೊಳ್ಳಬೇಕು. ಆದರೆ ಪ್ಯಾಂಟು ಹಾಕಿದವಳು ಹೇಗೆ ಎದುರು ಹೋಗುವುದು? ಗಾಬರಿಯಲ್ಲಿ ಕೆಮ್ಮಿಬಿಟ್ಟೆ.

"ಶೀತ ಆಗಿದ್ಯಾ? ನೀರಿನ ಮೇಲೆ ಕೆಲಸ, ಆಗ್ದೆ ಇನ್ನೇನು. ಒಬ್ಬರ ಲಾರೀಲಿ ಜಾಗ ಸಿಕ್ತು, ಬಂದ್ಬಿಟ್ಟೆ. ಅವಳೆಲ್ಲಿ, ಕೊಂಡ ಸೊಪ್ಪಿನವಳು?"

ಗದ್ದದಿಂದ ಮನೆಯ ಕಡೆ ತೋರಿಸಿದೆ.

"ಮಲಗಿದ್ದಾಳಾ? ಒಳ್ಳೇದಾಯ್ತು." ಚೀಲವನ್ನು ಕಾಲ ಬಳಿ ಇಟ್ಟು, ಅದರ ಹಿಡಿಕೆಯನ್ನು ಬಿಡದೆ, ದನಿ ತಗ್ಗಿಸಿದರು. "ಕೇಳು ತಮ್ಮಾ. ಈ ಚೀಲದಲ್ಲಿ ಕುಂಬಳದ ಸೊಪ್ಪಿದೆ. ನಮ್ಮ ತೋಟದ್ದು ಅಂತ ಹೇಳ್ತೀನಿ. ನೀನು ಹೂಂ ಅನ್ಬೇಕು."

ಕೆಮ್ಮಿದೆ.

"ತೋಟ ಎಲ್ಲಿದ್ಯಪ್ಪಾ ನಂಗೆ? ಎರಡು ಮಳೆಗಾಲ ಆಯ್ತು, ನಮ್ಮೋರು ಒಂದು ಎಲೆ ಬಿಟ್ಟಿಲ್ಲ. ನಿಮ್ಮ ಭಾವ ಹೋದ್ಮೇಲೆ ಅವಕ್ಕೆ ಗೊತ್ತಾಗ್ಬಿಟ್ಟಿದೆ, ಈ ಮನೇಲಿ ಬರೀ ಹೆಂಗಸು ಅಂತ. ಕಲ್ಲು ಹೊಡೆದ್ರೆ ಕೂತ್ಕೊಂಡು ನನ್ನ ಮುಖ ನೋಡ್ತವೆ ಕಣೋ. ಇದು ದಾರೀಲಿ, ಬಸ್ ಸ್ಟ್ಯಾಂಡಲ್ಲಿ ಕೊಂಡಿದ್ದು." ಮೂಗು ಒರೆಸಿಕೊಂಡರು. "ಇಪ್ಪತ್ಮೂರು ವರ್ಷ ಅವಳಿಗೆ ಹೆಸರಿಟ್ಟು ಕರೆದೆ. ಈಗ ಕೊಂಡ ಸೊಪ್ಪು ಹಿಡ್ಕೊಂಡು ಅವಳ ಮುಂದೆ ಹೇಗೆ ಕೂರ್ಲಿ?"

ಇಂಥದ್ದೊಂದು ಮಾತು ಅವರ ಬಾಯಿಂದ ಬರಬೇಕೆಂದು ಎಷ್ಟು ಸಲ ಪಾತ್ರೆ ತೊಳೆಯುತ್ತ ಕಲ್ಪಿಸಿಕೊಂಡಿದ್ದೆನೋ! ಬಂದಾಗ ಕುಣಿಯಬೇಕೆನಿಸಲಿಲ್ಲ. ಕಲ್ಲು ಹಿಡಿದು ಕೂಗುತ್ತಿರುವ ಒಬ್ಬ ಮುದುಕಿ, ಎದುರಿಗೆ ಕೂತು ನೋಡುತ್ತಿರುವ ಕೋತಿಗಳು, ಅಷ್ಟೇ ಕಣ್ಣ ಮುಂದೆ ಬಂತು. ಆ ನೋಟ ಎಂಥದ್ದೆಂದು ನನಗೆ ಗೊತ್ತಿತ್ತು. ಈ ಸಲ ಬಂದ ಕೆಮ್ಮು ನಿಜವಾದದ್ದು.

ಅಷ್ಟರಲ್ಲಿ ಹೆಡ್ಮಾಸ್ತರ ಇಳಿದು ಬಂದಿದ್ದ. ತೋಟದಲ್ಲಿ ಗಂಡಸಿದ್ದರೂ ಗೇಟಿನ ಬಳಿ ಇದ್ದದ್ದು ಹೆಂಗಸು, ಅವಳ ಹತ್ತಿರ ಚೀಲ. ಲೆಕ್ಕ ಹಾಕಿ ಹಿಂದಿನಿಂದ ಬಂದು ಚೀಲದ ಇನ್ನೊಂದು ಹಿಡಿಕೆ ಹಿಡಿದ.

"ತಮ್ಮಾ! ಯಾರೋ ಚೀಲ ಎಳೀತಿದ್ದಾರೆ!" ವತೆತೆ ತಿರುಗಿ ಕಣ್ಣು ಕಿರಿದು ಮಾಡಿದರು. "ಅಯ್ಯೋ, ನಮ್ಮಜ್ಜ! ಬಿಡು ಅಜ್ಜಾ! ಏ ತಮ್ಮಾ, ನಿಂತ್ಕೊಂಡು ಏನ್ ನೋಡ್ತೀಯೋ, ಬಾಯಿ ಬಿಡೋ!"

ಬಾಯಿ ಬಿಟ್ಟರೆ ತೋಟ ಹೋಯಿತೆಂದು ನನಗೆ ಗೊತ್ತಿತ್ತು. ಒಂದು ಗಡಸು ಕೆಮ್ಮು ಕೆಮ್ಮಿದೆ. ಅವನು ಎಳೆದ. ಇನ್ನೂ ಗಡಸಾಗಿ ಕೆಮ್ಮಿದೆ. ಅವನು ಇನ್ನೂ ಜೋರಾಗಿ ಎಳೆದ. ವತೆತೆ ಕೋಲು ಬಿಟ್ಟು, ಎರಡೂ ಕೈಯಲ್ಲಿ ಚೀಲ ಹಿಡಿದು, ಜಾರಿ ಮಂಡಿಯ ಮೇಲೆ ಬಿದ್ದರು. ಬಿದ್ದರೂ ಬಿಡಲಿಲ್ಲ.

"ಬಿಡೋ ಮುಠ್ಠಾಳ! ನಮ್ಮ ವತೆತೆಯನ್ನ ಬಿಡೋ!"

ನನ್ನ ದನಿ ಸಣ್ಣದಲ್ಲ. ಚರ್ಚಿನಲ್ಲಿ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಹಾಡಿಸುತ್ತಾರೆ. ಹೆಡ್ಮಾಸ್ತರ ಬೆಚ್ಚಿ ನೋಡಿದ. ಓಡುವ ರಭಸಕ್ಕೆ ನನ್ನ ಟೋಪಿ ಹಾರಿತು, ಹೆರಳು ಬಿಚ್ಚಿತು. ಅವನು ನನ್ನನ್ನು ತಲೆಯಿಂದ ಬೂಟಿನವರೆಗೆ ನೋಡಿದ. ಆ ಮುಖದಲ್ಲಿ ಮೂಡಿದ ಅವಮಾನವನ್ನು ನಾನು ಮರೆಯಲಾರೆ. ಇಡೀ ವಾರ ಮೋಸ ಹೋಗಿದ್ದ! ಒಮ್ಮೆ ಕಿರುಚಿದ. ಮರದಿಂದ ಇಪ್ಪತ್ತು ಕೋತಿಗಳು ಒಟ್ಟಿಗೆ ಇಳಿದವು.

ಹೆಚ್ಚು ಹೊತ್ತು ಹಿಡಿಯಲಿಲ್ಲ. ಚೀಲ ಹರಿಯಿತು, ಕೊಂಡ ಸೊಪ್ಪು ಹೋಯಿತು. ಆಮೇಲೆ ಬೆಳೆದ ಸೊಪ್ಪು, ಟೊಮೇಟೊ, ಹೂವು, ಹೀಚು. ಕಡೆಯದಾಗಿ ಒಂದು ಮರಿ ನನ್ನ ಟೋಪಿ ಹಾಕಿಕೊಂಡು ಮರ ಹತ್ತಿತು.

ಸದ್ದು ನಿಂತಾಗ ನಾವಿಬ್ಬರೂ ಮಣ್ಣಿನಲ್ಲಿ ಕೂತಿದ್ದೆವು. ಏನು ಮಾಡಬೇಕೆಂದು ತೋಚದೆ, ಪ್ಯಾಂಟಿನಲ್ಲೇ ಮಂಡಿಯೂರಿ, ಬೊಗಸೆ ತಟ್ಟಿ ಹೇಳಿದೆ:

"ಬಂದ್ರಾ ವತೆತೆ? ದಾರಿ ಚೆನ್ನಾಗಿತ್ತಾ?"

ವತೆತೆ ನನ್ನ ಮುಖದ ಹತ್ತಿರಕ್ಕೆ ಮುಖ ತಂದು ನೋಡಿದರು.

"ಕೆಮ್ಮಿದ್ದು ನೀನಾ?"

"ನಾನೇ."

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ."

"ನಿಂಗೇನೂ ಕೇಳಿಸ್ಲಿಲ್ಲ."

"ಏನೂ ಇಲ್ಲ ವತೆತೆ. ಟೋಪಿ ಕಿವಿ ಮೇಲಿತ್ತು."

ಅವರು ತಲೆಯಾಡಿಸಿದರು. ಆ ಹೊತ್ತಿಗೆ ನನ್ನ ಗಂಡ ಮೀನಿನ ಚೀಲ ಹೊತ್ತು ಬಂದರು. ಮಣ್ಣಿನಲ್ಲಿ ಅಕ್ಕ, ತನ್ನ ಪ್ಯಾಂಟಿನಲ್ಲಿ ಹೆಂಡತಿ, ಬೋಳಾದ ತೋಟ. ಮೂರನ್ನೂ ಒಂದೊಂದಾಗಿ ನೋಡಿದರು.

"ಬಾ ತಮ್ಮಾ. ನಮ್ಮಜ್ಜಂದಿರು ಬಂದಿದ್ರು" ಎಂದರು ವತೆತೆ.

"ಹಸಿವಾಗಿತ್ತೇನೋ" ಎಂದರು ಗಂಡ.

ವತೆತೆ ತಮ್ಮನನ್ನು ನೋಡಿದ ಆ ನೋಟ ನನಗೆ ಪರಿಚಿತವಾಗಿತ್ತು. ಹೆಡ್ಮಾಸ್ತರನದ್ದು.

ಒಳಗೆ ಬಟ್ಟೆ ಬದಲಿಸುವಾಗ ಜೇಬಿಗೆ ಕೈ ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಬಾಡಿದ್ದವು, ಸ್ವಲ್ಪ ನಜ್ಜುಗುಜ್ಜಾಗಿದ್ದವು. ಆದರೆ ನನ್ನ ತೋಟದ ಕುಡಿಗಳು, ನಾನೇ ಬೆಳೆದವು. ಅಲ್ಲೇ ನಿಂತು ಒಂದು ಗಳಿಗೆ ಅತ್ತೆ. ಆಮೇಲೆ ಕಡಲೆಕಾಯಿ ಅರೆದೆ.

ಬೆಂದಾಗ ಅದು ಎರಡು ಚಮಚದಷ್ಟಾಯಿತು. ಗಂಡನಿಗೆ ಮೀನು ಬಡಿಸಿ, ಆ ಎರಡು ಚಮಚವನ್ನೂ ವತೆತೆಯ ತಟ್ಟೆಗೆ, ಮುದ್ದೆಯ ಪಕ್ಕಕ್ಕೆ ಹಾಕಿದೆ. ಅವರು ಮುದ್ದೆ ಮುರಿದು, ಅದ್ದಿ, ಬಾಯಿಗಿಟ್ಟು ನಿಧಾನವಾಗಿ ಅಗಿದರು.

"ಯಾರ ಹತ್ರ ಕೊಂಡೆ?"

ಗಂಡ ತಲೆ ತಗ್ಗಿಸಿದರು. ನಾನು ವತೆತೆಯ ಮುಖ ನೋಡಿದೆ. ಮಂಜಾದ ಕಣ್ಣಿನ ಅಂಚಿನಲ್ಲಿ ಏನೋ ಅಲುಗುತ್ತಿತ್ತು.

"ಬಸ್ ಸ್ಟ್ಯಾಂಡಲ್ಲಂತೂ ಅಲ್ಲ" ಎಂದೆ. "ಜೇಬಲ್ಲಿ ಬೆಳೆದಿದ್ದು."

ವತೆತೆ ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಹಲ್ಲು ಕಡಿಮೆ, ಸದ್ದು ಜಾಸ್ತಿ. ನಕ್ಕೂ ನಕ್ಕೂ ನೆತ್ತಿಗೆ ಹತ್ತಿ, ನೀರು ಕುಡಿದು, ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದರು. "ಉಪ್ಪು ಜಾಸ್ತಿ ಆಗಿದೆ, ಚಿಹೇರಾ" ಎಂದರು. ನನ್ನನ್ನು ಬೆಡಗಿನ ಹೆಸರಿನಿಂದ ಕರೆದದ್ದೂ ಅದೇ ಮೊದಲು. ಗಂಡ ಮಾತ್ರ ಏನು ತಮಾಷೆ, ಏನು ತಮಾಷೆ ಎಂದು ಇಬ್ಬರ ಮುಖವನ್ನೂ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಕೆಲಸದಿಂದ ಬಂದು ಸ್ನಾನಕ್ಕೆ ಹೋಗಿದ್ದಾಗ ವತೆತೆ ನನ್ನ ತೋಳು ಹಿಡಿದು ಕೇಳಿದರು, "ಅದನ್ನ ಹಾಕೋದು ಹೇಗೆ? ನಂಗೂ ಹೇಳ್ಕೊಡು. ಊರಿಗೆ ಹೋದ್ಮೇಲೆ ಬೇಕಾಗುತ್ತೆ."

ಬುಡ ಉಳಿದಿದ್ದ ಬಳ್ಳಿಗಳ ನಡುವೆ ಇಬ್ಬರೂ ನಿಂತೆವು. ಅವರಿಗೆ ನೀಲಿ ಪ್ಯಾಂಟು, ನನಗೆ ಗಂಡ ಈಗಷ್ಟೇ ಬಿಚ್ಚಿಟ್ಟ ಕೆಲಸದ ಪ್ಯಾಂಟು. "ಕೈ ಒಳಗೆ, ವತೆತೆ. ಹೊಟ್ಟೆ ಮುಂದೆ. ಬೆಟ್ಟ ನೋಡಿ." "ಬೆಟ್ಟ ನಂಗೆ ಕಾಣಲ್ಲ." "ನಿಮ್ಮ ತಮ್ಮನಿಗೂ ಕಾಣಲ್ಲ, ಸುಮ್ನೆ ನೋಡಿ." ಹೆಡ್ಮಾಸ್ತರ ಗೋಡೆಯ ಮೇಲಿಂದ ಅನುಮಾನದಿಂದ ನೋಡುತ್ತಿದ್ದ. ನನ್ನನ್ನು ಕಂಡರೆ ಅವನಿಗೆ ನಂಬಿಕೆ ಹೋಗಿತ್ತು. ಆದರೆ ವತೆತೆ ಕೆಮ್ಮಿದರು ನೋಡಿ, ಅರವತ್ತೆಂಟು ವರ್ಷ ಊರನ್ನು ಆಳಿದ ಕೆಮ್ಮು, ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಚಿಹೇರಾ! ನನ್ನ ಪ್ಯಾಂಟೆಲ್ಲಿ?"

ಅವರು ಚರ್ಚಿಗೆ ಹಾಕುವ ಭಾನುವಾರದ ಪ್ಯಾಂಟು ತಂತಿಯ ಮೇಲೆ ಒದ್ದೆಯಾಗಿ ನೇತಾಡುತ್ತಿತ್ತು. ಗಂಡ ಕೈಗೆ ಸಿಕ್ಕಿದ ನನ್ನ ಹಳದಿ ಹೂವಿನ ಸುತ್ತುಬಟ್ಟೆ ಸುತ್ತಿಕೊಂಡು, ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ ಹಿಡಿದು ಹಿತ್ತಿಲಿಗೆ ಬಂದರು. ಹೆಡ್ಮಾಸ್ತರ ಅವರನ್ನು ನೋಡಿದ. ಕೆಳಗೆ ನೋಡಿದ. ಗೋಡೆಯಿಂದ ಇಳಿದು, ಆತುರವಿಲ್ಲದೆ ನಡೆದು ಹೋಗಿ, ಅವರ ಕೈಯಿಂದ ಬ್ರೆಡ್ ತೆಗೆದುಕೊಂಡು, ಮೂಸಿ, ಪಾಸು ಮಾಡಿ, ಅಲ್ಲೇ ಕೂತು ತಿನ್ನತೊಡಗಿದ.

"ಅಜ್ಜಾ!" ಗಂಡ ಹೌಹಾರಿದರು. "ನೋಡ್ದೆಯಾ ಅಕ್ಕಾ? ನೋಡ್ದೆಯಾ ಚಿಹೇರಾ? ನನ್ನ ಕೈಯಿಂದಾನೇ! ಇದೇನಿದು?"

ನಾನು ಜೇಬಿನಿಂದ ಕೈ ತೆಗೆಯಲಿಲ್ಲ. ಬೆಟ್ಟ ನೋಡುತ್ತಲೇ ಹೇಳಿದೆ:

"ಹಸಿವಾಗಿತ್ತೇನೋ."